ನಾಳೆಯ ತಾರೀಖು

ಅಂಚೆ ಕಚೇರಿಯ ಎರಡನೇ ಕಿಟಕಿಯಲ್ಲಿ ಕೂರುವವರನ್ನು ಎಲ್ಲರೂ ಕರೆಯುವುದು ಠಸ್ಸೆ ಮಾಮ ಎಂದೇ. ಮೂವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಹಿಡಿ ಸವೆದ ಠಸ್ಸೆ. ಕೆಲಸದಲ್ಲಿ ಅಚ್ಚುಕಟ್ಟು, ಆದರೆ ಹೊತ್ತಿಗೆ ಸರಿಯಾಗಿ ಮನೆ ಸೇರುವ ಅವಸರ. ಅದಕ್ಕೇ ಐದಕ್ಕೆ ಕಿಟಕಿ ಮುಚ್ಚುವ ಮೊದಲೇ, ಜನವಿಲ್ಲದ ಹೊತ್ತು ನೋಡಿ, ಠಸ್ಸೆಯ ತಾರೀಖಿನ ಚಕ್ರವನ್ನು ಮರುದಿನಕ್ಕೆ ತಿರುಗಿಸಿಟ್ಟುಬಿಡುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ತೆರಿಗೆ ಪತ್ರ ಕಳಿಸಲು ಕಡೆಯ ದಿನ ಬಂತು. ಐದರೊಳಗೆ ಕೊಟ್ಟ ಲಕೋಟೆಗೆ ಅಂದಿನ ತಾರೀಖು. ಆಮೇಲೆ ಬಂದದ್ದಕ್ಕೆ ಮರುದಿನದ್ದು, ಜೊತೆಗೆ ದಂಡ. ವರ್ಷವಿಡೀ ನಿದ್ದೆ ಹೊಡೆದವರಿಗೆಲ್ಲ ಅಂದೇ ಎಚ್ಚರವಾಗಿತ್ತು. ನಾಲ್ಕೂವರೆಗೆ ಸಾಲು ಕರಗಿತು. ಮಾಮ ಉಸಿರು ಬಿಟ್ಟರು, ಕೈ ತನ್ನ ಪಾಡಿಗೆ ತಾನು ಚಕ್ರ ತಿರುಗಿಸಿತು. ಆಮೇಲೂ ಒಬ್ಬೊಬ್ಬರಾಗಿ ಬಂದವರ ಲಕೋಟೆಗೆ ಠಪ್ ಠಪ್ ಎಂದು ಹೊಡೆದು ಚೀಲಕ್ಕೆ ಹಾಕಿದರು.

ಐದು ಗಂಟೆ ಐದು ನಿಮಿಷಕ್ಕೆ, ಇನ್ನೂ ಮುಚ್ಚಿರದ ಕಿಟಕಿಗೆ, ಮಾಮನ ಅಕ್ಕ ತೆರಿಗೆಯ ಲಕೋಟೆ ಹಿಡಿದು ಏದುಸಿರು ಬಿಡುತ್ತ ಬಂದಳು. ತಾಯಿ ಸತ್ತ ಮೇಲೆ ತಾನು ಶಾಲೆ ಬಿಟ್ಟು, ಬಟ್ಟೆ ಹೊಲಿದು ಇವರನ್ನು ಓದಿಸಿದವಳು.

"ಗಿರಾಕಿ ಬಿಡ್ಲಿಲ್ಲ ಕಣೋ. ಬೇಗ ಒಂದು ಹೊಡಿ."

"ಐದಾಯ್ತಲ್ಲಕ್ಕ, ಇವತ್ತಿನ ತಾರೀಖು ಹಾಕೋ ಹಾಗಿಲ್ಲ" ಎನ್ನುತ್ತ ಠಸ್ಸೆ ಎತ್ತಿ ನೋಡಿದ ಮಾಮನ ಎದೆ ಧಸಕ್ಕೆಂದಿತು. ನಾಳೆಯ ತಾರೀಖು ಆಗಲೇ ಕೂತಿತ್ತು! ಚೀಲ ಸುರುವಿ ಹುಡುಕಿದರೆ ಹನ್ನೊಂದು ಲಕೋಟೆಗೆ ಅದೇ ಬಿದ್ದಿದೆ. ಹೊತ್ತಿಗೆ ಸರಿಯಾಗಿ ಬಂದ ಹನ್ನೊಂದು ಜನ ಇವರ ಅವಸರಕ್ಕೆ ದಂಡ ಕಟ್ಟಬೇಕು.

ನಿವೃತ್ತಿಗೆ ಎರಡೇ ತಿಂಗಳು ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತೇನೋ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆದರೂ ಲಕೋಟೆಗಳನ್ನು ಪೋಸ್ಟ್ ಮಾಸ್ಟರ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದರು.

"ತಪ್ಪು ನಿಮ್ಮದು, ಲಕೋಟೆ ಇಷ್ಟು ಅಂತ ಬರೆದುಕೊಡಿ. ಸರಿ ತಾರೀಖು ಹೊಡೆದು ಸಹಿ ಮಾಡಿ" ಎಂದ ಪೋಸ್ಟ್ ಮಾಸ್ಟರು ಕಿಟಕಿಯತ್ತ ನೋಡಿ ದನಿ ತಗ್ಗಿಸಿದರು. "ಅಕ್ಕಂದೂ ಸೇರಿಸ್ಬಿಡಿ. ಹನ್ನೆರಡು ಅಂದ್ರೆ ಯಾರು ಕೇಳ್ತಾರೆ?"

ಮಾಮನೂ ಕಿಟಕಿಯತ್ತ ನೋಡಿದರು. ತನಗೆ ಅನ್ನ ಹಾಕಿದ ಕೈ ಅಲ್ಲಿ ಕಾಯುತ್ತಿತ್ತು. ಮಾಮ ಹನ್ನೊಂದು ಎಂದೇ ಬರೆದರು. ಹನ್ನೊಂದನ್ನೂ ತಿದ್ದಿ ಕಿಟಕಿಗೆ ಮರಳಿದರು.

"ದಂಡ ನಾನು ಕಟ್ತೀನಕ್ಕ."

ಅಕ್ಕನಿಗೆ ಎಲ್ಲ ಕೇಳಿಸಿತ್ತು. "ನಿನ್ನ ತಪ್ಪು ತಿದ್ದೋಕೆ ಒಂದು ಕಾಗದ ಇದೆ. ನಾನು ಐದು ನಿಮಿಷ ತಡ ಮಾಡಿದ್ದಕ್ಕೆ ಅದೂ ಇಲ್ಲ, ಅಲ್ವೇನೋ?"

ಮಾಮ ಠಸ್ಸೆಯ ಚಕ್ರವನ್ನು ಮತ್ತೆ ನಾಳೆಗೆ ತಿರುಗಿಸಿದರು. ಅವಳು ಲಕೋಟೆ ಮುಂದೆ ತಳ್ಳಿದಳು.

"ದಂಡ ನಾನೇ ಕಟ್ತೀನಿ. ಹೊಡಿ."

ಹೊಡೆದರು. ರಸೀದಿ ಕೊಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.