ಬೂಟು ಮುಚ್ಚಿದ ಹಿಮ

ನಿವೃತ್ತಿಯಾದ ಮೇಲೆ ನಾನು ಹಚ್ಚಿಕೊಂಡ ಗೀಳು ಪುಟ್ಟ ಸೈನಿಕರಿಗೆ ಬಣ್ಣ ಬಳಿಯುವುದು. ಬೆರಳುದ್ದದ ಪ್ಲಾಸ್ಟಿಕ್ ಗೊಂಬೆಗಳು. ಕಾಚಿಗೂಡದ ನಮ್ಮ ಮನೆಯ ಕಿಟಕಿಯ ಹತ್ತಿರ ಮೇಜು ಹಾಕಿಕೊಂಡು ಬೆಳಗಿನ ಹೊತ್ತೆಲ್ಲ ಅದರಲ್ಲೇ ಕಳೆಯುತ್ತೇನೆ. ಆ ಸಲ ಚಳಿಗಾಲದ ಒಂದು ದೃಶ್ಯ ಮಾಡಲು ಹೊರಟಿದ್ದೆ: ಯುರೋಪಿನ ಹಳೆಯ ಯುದ್ಧವೊಂದರಲ್ಲಿ ಸೋತು, ಹಿಮದಲ್ಲಿ ಕಾಲೆಳೆಯುತ್ತ ಹಿಂದಿರುಗುವ ಐವರು ಸೈನಿಕರು.

ಬರೀ ಬಣ್ಣ ಹಚ್ಚಿ ಬಿಟ್ಟರೆ ಅವು ಆಟಿಕೆಯಂತೆಯೇ ಉಳಿಯುತ್ತವೆ. ಅವನ್ನು ಹಳತು ಮಾಡಬೇಕು. ಕೋಟಿನ ಅಂಚಿಗೆ ತೆಳ್ಳನೆಯ ಕಂದು ಬಣ್ಣ ಬಿಟ್ಟು ಕೆಸರು ಮಾಡಿದೆ. ಸ್ಪಂಜಿನ ಚೂರಿನಿಂದ ಹೆಲ್ಮೆಟ್ಟಿಗೆ ತುಕ್ಕು ತಟ್ಟಿದೆ. ಬೂಟುಗಳಿಗಂತೂ ಜೀವ ತೇಯ್ದೆ: ಚರ್ಮದ ಸುಕ್ಕು, ಸವೆದ ತುದಿ, ಬಿಚ್ಚಿದ ಲೇಸು.

ಹಿಮ ಮಾತ್ರ ಬಗ್ಗಲಿಲ್ಲ. ಹತ್ತಿ ಹರಡಿದರೆ ಹರಿದ ದಿಂಬಿನಂತೆ ಕಾಣುತ್ತಿತ್ತು. ಅಡುಗೆ ಸೋಡ ಬರಬರುತ್ತ ಹಳದಿಯಾಯಿತು. ನನ್ನ ಪೇಚಾಟ ನೋಡುತ್ತಿದ್ದ ಹೆಂಡತಿ, "ನಾ ಒಮ್ಮೆ ನೋಡ್ಲೇನ್ರಿ?" ಎಂದಳು.

"ನೋಡವಾ, ಅದೊಂದು ಬಾಕಿ ಐತಿ" ಎಂದು ಬ್ಯಾಂಕಿಗೆ ಹೊರಟೆ.

ತಿರುಗಿ ಬರುವಷ್ಟರಲ್ಲಿ ಮೇಜಿನ ಮೇಲೆ ಹಿಮ ಬಿದ್ದಿತ್ತು. ಬೇಗಂ ಬಜಾರಿನಿಂದ ತಂದಿಟ್ಟಿದ್ದ ಬಿಳಿ ರಂಗೋಲಿ ಪುಡಿಯನ್ನು ಚಹಾ ಸೋಸುವ ಜರಡಿಯಿಂದ, ಅಂಟಿನ ಮೇಲೆ ಪದರ ಪದರವಾಗಿ ಉದುರಿಸಿದ್ದಳು. ಗಾಳಿ ಬೀಸಿದ ಕಡೆ ತೆಳು, ಬೇಲಿಯ ಬುಡದಲ್ಲಿ ಗುಡ್ಡೆ. ನೋಡಿದರೆ ಮೈ ನಡುಗುವಂತಿತ್ತು. ಆಮೇಲೆ ಸೈನಿಕರ ಕಾಲು ನೋಡಿದೆ.

"ನನ್ನ ಬೂಟ್ ಎಲ್ಲಿ?"

"ಬರ್ಫಿನ್ಯಾಗ ಅದಾವ್ರಿ."

"ಅದಕ್ಕ ಎಷ್ಟು ಕಣ್ಣು ನೋಯಿಸ್ಕೊಂಡೀನಿ ಗೊತ್ತೈತೇನು ನಿನಗ?"

"ಮೊಣಕಾಲ ತನಕ ಬರ್ಫ ಬಿದ್ದಮ್ಯಾಲ ಬೂಟ್ ಹ್ಯಾಂಗ ಕಾಣ್ಬೇಕ್ರಿ?"

ಒಂದು ಬೂಟಿನ ತುದಿಯಾದರೂ ಕಂಡೀತೇ ಎಂದು ಬಗ್ಗಿ ನೋಡಿದೆ.

ಮಾದಾಪುರದ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ನಮ್ಮಂಥ ಗೀಳಿನವರು ಆಗಾಗ ಭಾನುವಾರ ಸೇರುತ್ತೇವೆ. ಹೆಚ್ಚಿನವರು ಐಟಿ ಹುಡುಗರು. ಆ ಭಾನುವಾರ ಹೆಂಡತಿಯೂ ಬಂದಳು. ನಮ್ಮ ಪೆಟ್ಟಿಗೆ ತೆರೆದದ್ದೇ ಎಲ್ಲರೂ ಮುತ್ತಿಕೊಂಡರು. ಮೈಸೂರಿನ ಒಬ್ಬ ಬಗ್ಗಿ ನೋಡಿ, "ಸರ್, ಈ ಸ್ನೋ ಯಾರು ಮಾಡಿದ್ದು?" ಎಂದ.

"ಮನೆಯಲ್ಲೇ ಮಾಡಿದ್ದು" ಎಂದೆ.

"ಅಂದ್ರೆ ಮೇಡಮ್ಮಾ?"

ಅವಳು ನಾಚಿ ತಲೆಯಾಡಿಸಿದಳು. ಅಷ್ಟೇ, ಗುಂಪು ಅವಳ ಕಡೆ ಹರಿಯಿತು. ಜರಡಿ ಯಾವುದು, ಅಂಟಿಗೆ ನೀರೆಷ್ಟು, ಕರಗುತ್ತಿರುವ ಹಿಮ ಹೇಗೆ? ಅವಳು ತೆಲುಗು, ಹಿಂದಿ, ಕನ್ನಡ ಕಲಸಿ ಹೇಳುತ್ತಲೇ ಇದ್ದಳು. ನಾನು ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದೆ. ಮೈಸೂರಿನವನಿಗೆ ಕೊನೆಗೆ ನನ್ನ ಮೇಲೆ ಕರುಣೆ ಬಂತೇನೋ. "ಸೋಲ್ಜರ್ಸ್ ಕೂಡ ಚೆನ್ನಾಗಿದ್ದಾರೆ, ಸರ್" ಎಂದ.

ಆ 'ಕೂಡ' ನನ್ನನ್ನು ಮೆಟ್ರೋದಲ್ಲಿ ದಾರಿಯುದ್ದಕ್ಕೂ ಸುಟ್ಟಿತು. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ಎಷ್ಟ್ ಚಲೋ ಆತಲ್ರಿ!" ಎಂದಳು. ನಾನು ಹೂಂಗುಟ್ಟಿ ಹೊರಗೆ ನೋಡಿದೆ. ಪರರು ಹೊಗಳಿಸಿಕೊಂಡರೆ ಹೇಗೋ ಸಹಿಸಬಹುದು, ಮನೆಯವಳೇ ಆದರೆ ಅಸೂಯೆಯನ್ನು ಇಡುವುದಾದರೂ ಎಲ್ಲಿ? ಅದೇ ಕೋಣೆ, ಅದೇ ಮೇಜು. ಹಿಮದ ಬಗ್ಗೆ ಕೇಳಲು ಆ ಹುಡುಗರಿಂದ ಅವಳಿಗೆ ಫೋನು ಬಂದಾಗಲೆಲ್ಲ ನಾನು ಕುಂಚ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ಕೆಲವು ದಿನ ಕಳೆದು ಅವಳು ಬಣ್ಣವಿಲ್ಲದ ಒಬ್ಬ ಸೈನಿಕನನ್ನು ಹಿಡಿದು ಬಂದಳು. "ಕಣ್ಣು ಹ್ಯಾಂಗ ಬರೀತೀರಿ? ಕಲಿಸ್ರಿ."

ಹೇಳಬಾರದೆಂದೇ ಇದ್ದೆ. ಆದರೆ ಕೇಳಿದಳಲ್ಲ ಎಂಬ ಸುಖ ದೊಡ್ಡದು. ಮೊದಲು ಕಪ್ಪು ಗೆರೆ, ಅದರೊಳಗೆ ಬಿಳಿ, ಆಮೇಲೆ ಉಸಿರು ಬಿಗಿಹಿಡಿದು ಒಂದು ಚುಕ್ಕೆ, ಎಲ್ಲ ತೋರಿಸಿದೆ. ಅವಳು ಬರೆದಳು. ನೋಟ ನೇರವಾಗಿತ್ತು, ದಣಿವೂ ಇತ್ತು. ನನ್ನ ಐವರಲ್ಲಿ ಒಬ್ಬನಿಗೂ ಅಂಥ ನೋಟವಿರಲಿಲ್ಲ.

"ಚಲೋ ಬಂದಾವೇನ್ರಿ?"

"ಎಡಗಣ್ಣು ತುಸು ಮ್ಯಾಲ ಆಗೈತಿ" ಎಂದೆ. ಆಗಿರಲಿಲ್ಲ.

ಅವಳು ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಹೊಟ್ಟಿಕಿಚ್ಚು ಬ್ಯಾಡ್ರಿ, ಚಹಾ ಮಾಡ್ತೀನಿ" ಎಂದು ನಗುತ್ತ ಒಳಗೆ ಹೋದಳು. ಅವಳು ಇಟ್ಟುಹೋದ ಗೊಂಬೆಯನ್ನು ನಾನು ಮತ್ತೆ ಕೈಗೆತ್ತಿಕೊಂಡೆ. ಆ ಮುಖದಲ್ಲಿ ಒಂದಾದರೂ ತಪ್ಪು ಸಿಕ್ಕೀತೆಂದು, ಅವಳು ಚಹಾ ತರುವವರೆಗೂ ಹುಡುಕುತ್ತಲೇ ಇದ್ದೆ.