ಸಾಲಿನ ಕೊನೆಯ ಗಂಟೆ

ಇಲ್ಲ, ಹೆಂಡತಿಯ ಕಂಪ್ಯೂಟರಿಗೆ ನಾನು ಹಾಕಿಕೊಟ್ಟ ಆ ಸದ್ದು ಟೈಪ್‌ರೈಟರಿನ ಗಂಟೆಯೇ ಆಗಿರಲಿಲ್ಲವೇನೋ. ಮೆಕ್ಯಾನಿಕ್ಕಿನ ಅಂಗಡಿಗೆ ಮೈಕು ಒಯ್ದು, ಬಿಚ್ಚಿಟ್ಟಿದ್ದ ಯಂತ್ರದ ಗಂಟೆಯನ್ನು ಬಾರಿಸಿ ರೆಕಾರ್ಡ್ ಮಾಡಿಕೊಂಡು ಬಂದೆ ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೆಂಡತಿ ಹೇಳುವುದೇ ಬೇರೆ: ಅದು ನನ್ನ ಸೈಕಲ್ ಬೆಲ್ಲು, ಹಜಾರದೊಳಕ್ಕೆ ಸೈಕಲ್ ತಂದು ನಾನೇ ಬಾರಿಸಿದ್ದು. ಸೈಕಲ್ಲನ್ನು ಹಜಾರಕ್ಕೆ ತಂದ ನೆನಪು ನನಗೂ ಇದೆ. ಅದು ಮಳೆಯ ದಿನ ತಂದದ್ದಿರಬಹುದು.

ಯಂತ್ರ ಕೆಟ್ಟಿತ್ತು ಎಂಬುದು ಮಾತ್ರ ಖಂಡಿತ. ನಂಜನಗೂಡಿನಲ್ಲಿ ತಾಲ್ಲೂಕು ಕಚೇರಿಯ ಎದುರು, ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ನನ್ನ ಹೆಂಡತಿ ಅರ್ಜಿ ಟೈಪ್ ಮಾಡುತ್ತಿದ್ದಳು. ಪೌತಿ ಖಾತೆ, ಪಹಣಿ ತಿದ್ದುಪಡಿ, ವಿಧವಾ ವೇತನ. ತೊಂಬತ್ತರ ದಶಕದಲ್ಲಿ, ಮದುವೆಗೆ ಮುಂಚೆ, ನರಸೀಪುರದ ಟೈಪಿಂಗ್ ಕ್ಲಾಸಿನಲ್ಲಿ ಕಲಿತು ಸೀನಿಯರ್ ಪಾಸು ಮಾಡಿದವಳು. ಕೀಗಳ ಮೇಲಿನ ಅಕ್ಷರಗಳು ಎಂದೋ ಸವೆದು ನುಣ್ಣಗಾಗಿದ್ದವು. ಅವಳು ಕೆಳಗೆ ನೋಡುತ್ತಲೇ ಇರಲಿಲ್ಲ. ಅರ್ಜಿದಾರರ ಮುಖ ನೋಡುತ್ತ, ಅವರು ಹೇಳಿದ್ದನ್ನು ಕಚೇರಿಯ ಕನ್ನಡಕ್ಕೆ ತಿರುಗಿಸುತ್ತ ಟೈಪ್ ಮಾಡುತ್ತಿದ್ದಳು.

ನಾನು ನರಸೀಪುರದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಯಂತ್ರವನ್ನು ಅಲ್ಲಿಯ ಮೆಕ್ಯಾನಿಕ್ಕಿಗೆ ಕೊಟ್ಟಿದ್ದೆವು. ಅವನು ಮೂರು ವಾರ ಸಬೂಬು ಹೇಳಿ ಕೊನೆಗೊಂದು ಸಂಜೆ, "ಈ ಪಾರ್ಟು ಇನ್ ಬರಲ್ಲ ಸಾ. ಮಾಡೋರೇ ನಿಲ್ಲಿಸ್ಬುಟ್ಟವ್ರೆ" ಅಂದ. ಅದನ್ನು ಮನೆಗೆ ಬಂದು ಹೇಳಿದಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ತಿರುಗದೆಯೇ ಹೇಳಿದಳು: "ಬೆರಳಿಗೆ ಇನ್ನೊಂದ್ಸಲ ಅ ಆ ಇ ಈ ಕಲಿಸಕ್ಕೆ ನನ್ ಕೈಲಾಗಲ್ಲ ಕಣ್ರೀ. ಕೆಲಸ ಬಿಟ್ಬಿಡ್ತೀನಿ."

ಅವಳು ಬಿಡುವುದನ್ನು ನೋಡಲು ನಾನು ಸಿದ್ಧನಿರಲಿಲ್ಲ. ಏಕೆ ಎಂದು ಆಗ ಯೋಚಿಸಿರಲಿಲ್ಲ. ಈಗ ಯೋಚಿಸಿ ಏನಾದರೂ ಬರೆದರೆ ಅದು ಈಗಿನ ಕಾರಣವಾಗುತ್ತದೆ.

ಕಾಲೇಜಿನವರು ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಕೇಳಿ ತಂದೆ. ಅದಕ್ಕೆ ಲಿನಕ್ಸ್ ಹಾಕಿದೆ, ಯಾರು ಬೇಕಾದರೂ ಒಳಗೆ ತೆರೆದು ತಿದ್ದಬಹುದಾದ ತಂತ್ರಾಂಶ. ಲ್ಯಾಬಿನ ಮೇಷ್ಟರೊಬ್ಬರು ಕೊಟ್ಟ ಸಿ.ಡಿ. ಪ್ರೋಗ್ರಾಮಿಂಗ್ ನನಗೆ ಬಾರದು. ಆದರೆ ಬಿಚ್ಚಿ ನೋಡಬಹುದಾದ ವಸ್ತುವಿನ ಮೇಲೆ ನನಗೆ ನಂಬಿಕೆ. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಎಂಬುದು ಅದರಲ್ಲಿ ಒಂದು ಸಾಧಾರಣ ಪಟ್ಟಿಯಾಗಿ ಬಿದ್ದಿತ್ತು. ತಿದ್ದಬಹುದಾಗಿತ್ತು. ಅವಳ ಹಳೆಯ ಯಂತ್ರದ ಕೀಗಳನ್ನೇ ಇದರೊಳಗೆ ಕೂರಿಸಿದರೆ ಬೆರಳು ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ.

ಆದರೆ ಳ ಎಲ್ಲಿದೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಹತ್ತು ವರ್ಷ ಹೊಡೆದ ಅಕ್ಷರ. "ನಂಗೊತ್ತಿಲ್ಲ, ಬೆರಳಿಗೆ ಗೊತ್ತು" ಅಂದಳು. ಯಂತ್ರ ನರಸೀಪುರದಲ್ಲಿ ತುಂಡುತುಂಡಾಗಿತ್ತು. ಹಾಗಾಗಿ ಒಂದು ಭಾನುವಾರ ನಾನು ಅವಳೆದುರು ಕಾಗದ ಹಿಡಿದು ಕೂತೆ. ಅವಳು ಕಣ್ಣು ಮುಚ್ಚಿ, ಚಪಾತಿ ಮಣೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಅದರ ಮೇಲೆ ಬೆರಳಿಟ್ಟಳು. ಬಿಡಿ ಅಕ್ಷರ ಹೇಳಿದರೆ ಬೆರಳು ಏಳುವುದಿಲ್ಲ, ಇಡೀ ಸಾಲು ಹೇಳಬೇಕು. "ಮಾನ್ಯ ತಹಸೀಲ್ದಾರರವರ ಸನ್ನಿಧಾನಕ್ಕೆ" ಎಂದು ನಾನು ನಿಧಾನವಾಗಿ ಹೇಳಿದೆ. ಬೆರಳುಗಳು ನಡೆದವು. ಯಾವ ಬೆರಳು, ಕೀಗಳ ಯಾವ ಸಾಲು ಎಂದು ನಾನು ಬರೆದುಕೊಂಡೆ. ತಪ್ಪಾದಲ್ಲಿ ಮತ್ತೆ ಹೇಳಿದೆ. ಮಧ್ಯಾಹ್ನದವರೆಗೆ ನಮ್ಮ ಮನೆಯಿಂದ ತಹಸೀಲ್ದಾರರಿಗೆ ಎಷ್ಟು ಅರ್ಜಿ ಹೋದವೋ. ಅಷ್ಟು ಹೊತ್ತು ಅವಳ ಕೈಯನ್ನೇ ನೋಡುತ್ತ ಕೂತದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ಉಳಿದದ್ದು ಸುಲಭ. ಪರದೆಯ ಹಿಂದಿನ ಚಿತ್ರ ಬೇಡ ಅಂದಳು. ಅಕ್ಷರದ ಹಿಂದೆ ಬೆಟ್ಟ ಯಾಕೆ ಎಂದು ಕೇಳಿದಳು. ತೆಗೆದು ಅರ್ಜಿ ಬರೆಯುವ ಡೆಮಿ ಕಾಗದದ ಮಂಕು ಬಿಳಿ ಬಣ್ಣ ಹಾಕಿದೆ. ಕೆಳಗಿನ ಪಟ್ಟಿಯನ್ನು ಅಡಗಿಸಿದೆ. ಸ್ವಿಚ್ ಹಾಕಿದರೆ ನೇರ ಖಾಲಿ ಹಾಳೆ ತೆರೆಯುವಂತೆ ಮಾಡಿದೆ.

ಅವಳು ಕೂತು ಹೊಡೆದಳು. ಅಕ್ಷರಗಳು ಸರಿಯಾಗಿಯೇ ಬಂದವು. ಸಾಲಿನ ತುದಿಯಲ್ಲಿ ಎಡಗೈ ತಾನಾಗಿ ಮೇಲೆದ್ದು, ಟೈಪ್‌ರೈಟರಿನಲ್ಲಿ ಸಾಲು ಬದಲಿಸುವ, ಇಲ್ಲಿ ಇಲ್ಲದ ಲಿವರನ್ನು ತಳ್ಳಲು ಹೋಗಿ ಮಾನಿಟರಿಗೆ ಬಡಿಯಿತು. ಇನ್ನೊಂದು ಸಾಲು, ಇನ್ನೊಂದು ಏಟು. ನಾನು ನಕ್ಕಿದ್ದು ತಪ್ಪಾಯಿತು. ಅವಳು ಎದ್ದುಬಿಟ್ಟಳು. ಸಾಲು ತಾನಾಗಿಯೇ ಕೆಳಗಿಳಿಯುತ್ತದೆ, ನೀನೇನೂ ಮಾಡಬೇಕಿಲ್ಲ ಎಂದು ವಿವರಿಸಿದೆ.

"ಅದಿಳೀತದೆ. ಸಾಲು ಮುಗೀತಾ ಬಂತು ಅಂತ ನಂಗ್ಯಾರು ಹೇಳ್ತಾರೆ?" ಅಂದಳು. ಬಡಿದ ಕೈ ಉಜ್ಜಿಕೊಳ್ಳುತ್ತ, "ಗಂಟೆ ಹೊಡೆದಾಗ ನಾನು ಉಸಿರು ತಗೊಳ್ತೀನಿ ಕಣ್ರೀ" ಅಂದಳು.

ಗಂಟೆ ಬಂದದ್ದು ಹೀಗೆ. ಸಾಲಿನಲ್ಲಿ ಇಷ್ಟನೆಯ ಅಕ್ಷರ ಬಿದ್ದಾಗ ಈ ಸದ್ದು ಮಾಡು ಎಂದು ಕಂಪ್ಯೂಟರಿಗೆ ಹೇಳುವ ಒಂದೇ ಒಂದು ಸಾಲು. ಅದನ್ನು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು ಎನ್ನುತ್ತೇನೆ. ಅವಳು ನಾಲ್ಕು ಎನ್ನುತ್ತಾಳೆ. ಮಾನಿಟರನ್ನು ಒಂದು ಗೇಣು ಬಲಕ್ಕೆ ಸರಿಸಿ ಎಡಗೈಗೆ ಜಾಗವನ್ನೂ ಬಿಟ್ಟೆ.

ಕಂಪ್ಯೂಟರನ್ನು ಅಂಗಡಿಯಲ್ಲಿಟ್ಟ ಮೊದಲ ದಿನ ನಾನು ಅಲ್ಲಿರಲಿಲ್ಲ, ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ. ಕವಲಂದೆ ಕಡೆಯ ಒಬ್ಬ ಅಜ್ಜಿ ಖಾತೆಯ ಅರ್ಜಿಗೆ ಬಂದವಳು ಬಗ್ಗಿ ನೋಡಿ, "ಏನವ್ವಾ, ಟಕಟಕ ಅನ್ನದೇ ಇಲ್ವಲ್ಲ. ಬರೀತಿದ್ದೀಯೋ, ಸುಮ್ಕೆ ಬೆಳ್ಳಾಡಿಸ್ತಿದ್ದೀಯೋ? ಇಲ್ಲೇ ಸದ್ದಿಲ್ಲ, ಕಚೇರಿ ಒಳಗಿರೋ ಸಾಯೇಬ್ರಿಗೆ ಎಂಗ್ ಕೇಳ್ಸದು?" ಅಂದಳಂತೆ.

"ಇರಜ್ಜಿ, ಗಂಟೆ ಹೊಡೀತದೆ" ಅಂದಳಂತೆ ನನ್ನ ಹೆಂಡತಿ. ಹೊಡೆಯಿತು. ಅವಳ ಎಡಗೈ ಗಾಳಿಗೆ ಎದ್ದು ಇಳಿಯಿತು. ಅಜ್ಜಿ ಕೈಮುಗಿದಳು ಎಂಬುದನ್ನೂ ಸೇರಿಸುತ್ತಾಳೆ. ಅದು ಕಥೆ ಚಂದವಾಗಲೆಂದು ಸೇರಿದ್ದಿರಬಹುದು. ಅವಳು ಕೆಲಸ ಬಿಡಲಿಲ್ಲ ಎಂಬುದು ಮಾತ್ರ ನಿಜ.

ನಾಲ್ಕೈದು ವರ್ಷದ ಮೇಲೆ ಬೇರೆ ಕಂಪ್ಯೂಟರ್ ತಂದಾಗ ಹಳೆಯ ಕಡತಗಳನ್ನು ಅದಕ್ಕೆ ದಾಟಿಸಿ, ತೆರೆದು ನೋಡಿದೆ. ಗಂಟೆಯ ಸಾಲಿನ ಮುಂದೆ ಒಂದು ಸಣ್ಣ ಗುರುತು ಇತ್ತು. ಆ ಗುರುತಿದ್ದರೆ ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ. ಅಂದರೆ ಗಂಟೆ ಹೊಡೆಯುತ್ತಿರಲಿಲ್ಲ.

"ಗಂಟೆ ಯಾವಾಗ ನಿಲ್ಲಿಸಿದೆ?" ಎಂದು ಕೇಳಿದೆ.

"ನಾನ್ಯಾಕ್ ನಿಲ್ಲಿಸ್ಲಿ? ನೆನ್ನೆನೂ ಹೊಡೀತಲ್ಲ" ಅಂದಳು, ನನ್ನನ್ನೇ ಅನುಮಾನದಿಂದ ನೋಡುತ್ತ.

ದಾಟಿಸುವಾಗ ಕಡತಗಳ ಹಳೆಯ ತಾರೀಕು ಅಳಿಸಿಹೋಗಿತ್ತು, ಗುರುತು ಎಂದು ಬಿದ್ದದ್ದೋ ತಿಳಿಯುವಂತಿರಲಿಲ್ಲ. ಆ ಗುರುತನ್ನು ತೆಗೆಯದೆ ಹಾಗೇ ಬಿಟ್ಟೆ. ಮರುದಿನ ಅವಳು ಹೊಸದರ ಮುಂದೆ ಕೂತು ಎಂದಿನಂತೆ ಟೈಪ್ ಮಾಡಿದಳು. ಸಾಲಿನ ಕೊನೆಯಲ್ಲಿ ಎಡಗೈ ಎದ್ದಿತು, ಉಸಿರು ತೆಗೆದುಕೊಂಡಳು. ನನಗೆ ಏನೂ ಕೇಳಿಸಲಿಲ್ಲ.

ಆ ಗುರುತು ಹಾಕುವುದು ಅವಳಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೇನೆ. ನಾನು ಹಾಕಿದ ನೆನಪಿಲ್ಲ. ಯಾರು ಹಾಕಿದರೋ ಗೊತ್ತಿಲ್ಲ.