ಕಲ್ಯಾಣಮ್ಮ ಆರಿಸಿದ ಕಂಪ್ಯೂಟರ್

ಸಿಂಧನೂರಿನ ತಹಶೀಲ ಕಚೇರಿ ಎದುರು ಟೈಪಿಂಗ್ ಶಾಲೆ ನಡೆಸುತ್ತಿದ್ದ ಕಲ್ಯಾಣಮ್ಮನಿಗೆ ತೊಂಬತ್ತೊಂಬತ್ತರ ಬೇಸಿಗೆಯ ಹೊತ್ತಿಗೆ ಸದ್ದೆಂದರೆ ಸಾಕಾಗಿಹೋಗಿತ್ತು. ಆರು ಟೈಪ್‌ರೈಟರ್‌ಗಳ ಟಕಟಕದ ನಡುವೆ ಇಪ್ಪತ್ತೆರಡು ವರ್ಷ ಕೂತವಳು. ಈಗ ಕಲಿಯುವವರು ಕಡಿಮೆಯಾಗಿದ್ದರು. ಅರ್ಜಿ ಬರೆಸಲು ಬಂದವರೂ “ಕಂಪ್ಯೂಟರ್‌ನ್ಯಾಗ ಮಾಡಿ ಕೊಡ್ರಿ” ಎನ್ನತೊಡಗಿದ್ದರು.

ಕಂಪ್ಯೂಟರ್ ಮಾರುವ ಬಾಬುಸಾಬ್ ಪರಿಚಯದವನು. ಎರಡು ತಂದು ಅವಳ ಮೇಜಿನ ಮೇಲಿಟ್ಟ. ಹೊರಗಿಂದ ಎರಡೂ ಒಂದೇ ಥರ. ಒಳಗಿನ ಪ್ರೊಸೆಸರ್ ಮಾತ್ರ ಬೇರೆ ಬೇರೆ ಕಂಪನಿಯದು.

“ಅಕ್ಕಾರ, ಎಡಗಡೆದು ಜೋರ್ ಓಡ್ತದ. ರೇಟೂ ಎಂಟು ಸಾವಿರ ಕಮ್ಮಿ. ಬಲಗಡೆದು ಜರಾ ನಿಧಾನ. ಒಂದು ವಾರ ನಡೆಸಿ ನೋಡ್ರಿ.”

ಅವಳು ಕೈಗಡಿಯಾರ ಎದುರಿಟ್ಟುಕೊಂಡು ಎರಡಕ್ಕೂ ಒಂದೇ ಕರಾರುಪತ್ರ ಕೊಟ್ಟಳು. ಅಚ್ಚಿಗೆ ಕಳಿಸಲು ಎಡಗಡೆಯದಕ್ಕೆ ಮೂರು ನಿಮಿಷ, ಬಲಗಡೆಯದಕ್ಕೆ ನಾಲ್ಕೂವರೆ. ಟೈಪು ಮಾಡುವಾಗ ಮಾತ್ರ ಎರಡೂ ಅವಳ ಬೆರಳಿಗೇ ಕಾಯುತ್ತಿದ್ದವು. ಎಡಗಡೆಯದರ ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತಿತ್ತು. ಮಧ್ಯಾಹ್ನವಾದರೆ ಡಬ್ಬಿಯ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಬಾಬುಸಾಬ್ ಹೇಳಿದನೆಂದು ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿದಳು. ಕಾಗದಗಳೆಲ್ಲ ಹಾರಿದವು.

ಐದನೆಯ ದಿನ ತುರ್ವಿಹಾಳದ ಮಾರೆಮ್ಮ ವಿಧವಾ ಪಿಂಚಣಿಯ ಅರ್ಜಿಗೆ ಬಂದಳು. ನೀರು ಕಟ್ಟಲು ಹೋದ ಗಂಡ ಕಾಲುವೆ ಪಾಲಾದದ್ದನ್ನು ನೆಲ ನೋಡುತ್ತ, ನಿಂತು ನಿಂತು ಹೇಳಿದಳು. ಪುಟ ತುಂಬುವಷ್ಟರಲ್ಲಿ ಎಡಗಡೆಯ ಪರದೆ ಕಲ್ಲಾಯಿತು. ಕರೆಂಟ್ ಇತ್ತು. ಕೀಲಿ ಎಷ್ಟು ಒತ್ತಿದರೂ ಅಲುಗಲಿಲ್ಲ.

“ಏನಾತ್ ಯವ್ವಾ?”

“ಬಿಸಿಗೆ ನಿಂತ್ ಬಿಡ್ತವ್ವಾ. ಬರದದ್ದೆಲ್ಲ ಹೋತು.”

ಮಾರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಮತ್ತ ಮೊದಲಿಂದ ಹೇಳ್ಬೇಕೇನು?”

“ಬ್ಯಾಡ. ನನಗ ನೆನಪದ, ನೀ ಸುಮ್ನ ಕುಂದ್ರು.”

ಕಲ್ಯಾಣಮ್ಮ ಬಲಗಡೆಯದರ ಮುಂದೆ ಕೂತು, ಒಂದು ಪ್ರಶ್ನೆಯನ್ನೂ ಕೇಳದೆ, ಇಡೀ ಅರ್ಜಿಯನ್ನು ನೆನಪಿನಿಂದಲೇ ಬರೆದಳು. ಮಣಿಕಟ್ಟು ಸೆಳೆಯುತ್ತಿತ್ತು. ತಹಶೀಲ್ದಾರ ಸಾಹೇಬರು ಕುರ್ಚಿ ಬಿಟ್ಟು ಏಳುವ ಮೊದಲು ಮಾರೆಮ್ಮ ಅರ್ಜಿ ಹಿಡಿದು ಕಚೇರಿಯೊಳಗೆ ಹೋದಳು.

“ರೊಕ್ಕ ಹೆಚ್ಚು ಕೊಟ್ಟು ನಿಧಾನದ್ದು ತಗೊಂತೀರೇನು?” ಎಂದ, ವಾರ ಮುಗಿದ ಮೇಲೆ ಬಂದ ಬಾಬುಸಾಬ್.

“ಹೌದಪಾ. ಗದ್ದಲ ಸಾಕಾಗ್ಯಾದ ನನಗ.”

ಹೆಚ್ಚಿನ ಹಣಕ್ಕಾಗಿ ಆರೂ ಟೈಪ್‌ರೈಟರ್ ಮಸ್ಕಿಯ ಟೈಪಿಂಗ್ ಶಾಲೆಯೊಂದಕ್ಕೆ ಹೋದವು. ತಾನು ಕಲಿತ ಒಂದನ್ನಾದರೂ ಉಳಿಸಿಕೊಳ್ಳಬೇಕೆಂದಿದ್ದಳು, ಆಗಲಿಲ್ಲ. ಅದು ಟೆಂಪೊ ಏರಿದಾಗ ಬಾಗಿಲಿಗೆ ಬಂದು ನೋಡಿದಳು.

ಮುಂದೆ ಅಕ್ಕಪಕ್ಕದ ಅಂಗಡಿಗಳಿಗೆ ಇನ್ನೂ ಜೋರಾಗಿ ಓಡುವ ಕಂಪ್ಯೂಟರ್‌ಗಳು ಬಂದವು. ಅವಸರದ ಗಿರಾಕಿಗಳು ಅತ್ತ ಹೋದರು. ಉಳಿದವರು ತಡವೆಂದು ಗೊಣಗಿದರೆ ಕಲ್ಯಾಣಮ್ಮ ನೀರಿನ ಚೊಂಬು ಮುಂದಿಟ್ಟು, ಕಾಗದ ಹೊರಬರುವವರೆಗೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು.